ಯಂತ್ರ ತೋರಿಸಿದ ಎಂಟು

ಮಾರ್ಚ್ 3, ಸೋಮವಾರ ಮಧ್ಯಾಹ್ನ

ನನ್ನ ಪುಟ್ಟಿಗೆ ಅಕ್ಕನ ಅಕ್ಕರೆ.

ಹಲ್ಲುನೋವು ಹೇಗಿದೆ? ಮೂರನೇ ಮಹಡಿಯ ನಿನ್ನ ಹೊಲಿಗೆ ಅಂಗಡಿಗೆ ಬಟ್ಟೆಯ ಗಂಟು ಹೊತ್ತು ಹತ್ತುವಾಗ ದವಡೆ ಹಿಡಿಯುತ್ತದೆ ಎಂದಿದ್ದೆ. ಹಲ್ಲಿನ ಡಾಕ್ಟರು ಹಲ್ಲೆಲ್ಲ ಗಟ್ಟಿಯಾಗಿವೆ ಎಂದರಂತೆ. ಫೋನಿನಲ್ಲಿ ಬೇರೆ ಡಾಕ್ಟರ ಮಾತೆತ್ತಿದರೆ ಕುಕ್ಕರ್ ಕೂಗ್ತಿದೆ ಕಣೇ ಅಕ್ಕ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇದು ನನ್ನ ವಿಷಯ, ಕೊನೆಯವರೆಗೂ ಓದು.

ಶುಕ್ರವಾರ ನೀನು ನಮ್ಮ ಲ್ಯಾಬಿಗೆ ಬಂದಿದ್ದೆಯಲ್ಲ, ಅವತ್ತು ಯಂತ್ರಕ್ಕೆ ಹೊಸ ದ್ರಾವಣದ ಬಾಟಲಿ ಹಾಕಿದ್ದೆವು. ಹಾಗೆ ಹಾಕಿದಾಗಲೆಲ್ಲ ಮೊದಲು ನಮ್ಮದೇ ರಕ್ತ ಓಡಿಸಿ ನೋಡುವುದು ನಮ್ಮಲ್ಲಿ ರೂಢಿ. ನಾನೂ ನೀನೂ ನಗುತ್ತಾ ತೋಳು ಚಾಚಿದೆವು. ನೀನು ಹೋದ ಮೇಲೆ ಫಲಿತಾಂಶ ಬಂತು. ಮೈಯೊಳಗಿನ ಉರಿಯೂತ ಅಳೆಯುವ ಸಿಆರ್‌ಪಿ ಒಂದರೊಳಗಿದ್ದರೆ ನೆಮ್ಮದಿ, ಮೂರು ದಾಟಿದರೆ ಚಿಂತೆ. ನನ್ನದು ಎಂಟು. ಯಂತ್ರಕ್ಕೇ ಜ್ವರ ಬಂದಿರಬೇಕು ಮೇಡಂ ಅಂತ ಜೊತೆಯವಳು ನಕ್ಕಳು. ಅದೇ ಟ್ಯೂಬನ್ನು ಹಳೆಯ ಯಂತ್ರದಲ್ಲೂ ಓಡಿಸಿದೆ. ಎಂಟೇ. ಕೊಲೆಸ್ಟ್ರಾಲ್ ಮಾತ್ರ ಚೊಕ್ಕ.

ಎರಡು ದಿನ ಒಬ್ಬಳೇ ಒದ್ದಾಡಿ, ಇವತ್ತು ಬೆಳಿಗ್ಗೆ ಹೃದಯದ ಡಾಕ್ಟರಿಗೆ ತೋರಿಸಿದೆ. ಮೈಯೊಳಗೆ ಹುಟ್ಟಿನಿಂದಲೇ ಕಾವಲುಗಾರರಿರುತ್ತಾರಂತೆ. ರೋಗಾಣು ಕಂಡರೆ ಕೂಗಿ ಪಡೆ ಕರೆಯುತ್ತಾರೆ. ಕೆಲವರಲ್ಲಿ ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬನ್ನೇ ಶತ್ರುವೆಂದು ತಿಳಿದು ಕೂಗು ನಿಲ್ಲಿಸುವುದೇ ಇಲ್ಲ. ಗೋಡೆ ಒಳಗೊಳಗೇ ಬೆಂದು ಬಿರಿದರೆ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಒಂದು ಅಂಕಿಯಿಂದ ಏನೂ ತೀರ್ಮಾನವಾಗದು, ಮೆಟ್ಟಿಲು ಹತ್ತುವಾಗ ಎಲ್ಲಾದರೂ ನೋಯುತ್ತದೆಯೇ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಇವತ್ತೇ ಆಸ್ಪತ್ರೆಗೆ ಸೇರಿಸಿ ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಅಪ್ಪನ ನೆನಪಾಯಿತು. ನಲವತ್ತಾರರಲ್ಲಿ ಅವರ ಕೊಲೆಸ್ಟ್ರಾಲೂ ಚೊಕ್ಕವಿತ್ತು. ದವಡೆ ನೋವೆಂದು ಗಟ್ಟಿ ಹಲ್ಲೊಂದನ್ನು ಕೀಳಿಸಿಕೊಂಡು ಬಂದು, ಇನ್ಮೇಲೆ ನಿಮ್ಮಮ್ಮನಿಗೆ ಅರ್ಧ ಬಾಯಲ್ಲೇ ಉತ್ತರ ಕೊಡ್ತೀನಿ ಅಂತ ತಮಾಷೆ ಮಾಡಿದ್ದರು. ಏಳನೇ ದಿನ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ.

ನಿನ್ನ
ಅಕ್ಕ

ಇನ್ನೊಂದು ಮಾತು: ಮರೆತದ್ದಲ್ಲ, ಬೇಕೆಂದೇ ಕೊನೆಗಿಟ್ಟೆ. ನನ್ನ ಟ್ಯೂಬಿನಲ್ಲಿ ಬಂದದ್ದು ಒಂದಕ್ಕಿಂತ ಕಡಿಮೆ. ಎಂಟು ನಿನ್ನದು. ನಿನ್ನ ದವಡೆಯ ನೋವು ಹಲ್ಲಿನದಲ್ಲ, ಹೃದಯದ್ದಿರಬಹುದು. ಮೊದಲೇ ಹೇಳಿದ್ದರೆ ನೀನು ಪತ್ರ ಮಡಚಿ ಕತ್ತರಿಯ ಕೆಳಗೆ ಇಟ್ಟುಬಿಡುತ್ತಿದ್ದೆ. ಬರುವ ತಿಂಗಳು ನಿನಗೂ ನಲವತ್ತಾರು. ಇದನ್ನು ತಂದ ನಿನ್ನ ಭಾವ ಬಾಗಿಲಲ್ಲೇ ನಿಂತಿದ್ದಾರೆ, ಕಾರು ಕೆಳಗಿದೆ. ಅವರ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿ. ಗಂಟು ಅಲ್ಲೇ ಇರಲಿ.