ಬಿಸಿಲಿನಲ್ಲಿ ಕಿಟಕಿಯ ದೀಪ

ಹಾವ್‌ನೆಸ್, ಉತ್ತರ ನಾರ್ವೆ
ಜೂನ್ 19, ಗುರುವಾರ

ಪ್ರೀತಿಯ ಗುನ್‌ವೋರ್ ಅಕ್ಕ,

ನೀನು ಕಳಿಸಿದ ದಪ್ಪ ಕಪ್ಪು ಪರದೆ ತಲುಪಿತು. ಮಲಗುವ ಕೋಣೆಗೆ ಹಾಕಿದ್ದೇನೆ. ಈಗ ನಿದ್ದೆ ಚೆನ್ನಾಗಿ ಬರುತ್ತಿದೆ.

ಮರದ ಗಳುಗಳಿಗೆ ತೂಗುಹಾಕಿ ಒಣಗಿಸಿದ ಮೀನು ಇಳಿಸುವ ಕೆಲಸ ಜೋರಾಗಿದೆ. ರಾತ್ರಿ ಹನ್ನೊಂದರ ಬಿಸಿಲಲ್ಲೂ ಪಕ್ಕದ ಮನೆಯವನು ಗೋಡೆಗೆ ಬಣ್ಣ ಬಳಿಯುತ್ತಿರುತ್ತಾನೆ, ಮಕ್ಕಳು ಚೆಂಡಾಡುತ್ತಿರುತ್ತಾರೆ. ಮಲಗುವ ಮಾತೆತ್ತಿದರೆ, ‘ಚಳಿಗಾಲ ಇದ್ಯಲ್ಲ, ಆಗ ಮಲಗಿದ್ರಾಯ್ತು’ ಅನ್ನುತ್ತಾರೆ.

ನವೆಂಬರ್‌ನಲ್ಲಿ ಐಲಿಫ್‌ನ ದೋಣಿ ಅವನಿಲ್ಲದೆ ದಡಕ್ಕೆ ಬಂದಾಗ, ಗಂಡ ಹೋದ ಮನೆಯಲ್ಲಿ, ಅದೂ ಸೂರ್ಯನೇ ಹುಟ್ಟದ ಆ ಕತ್ತಲೆಯಲ್ಲಿ, ಒಬ್ಬಳೇ ಇರಬೇಡ ಎಂದು ನೀನು ಕರೆದೆ. ನಾನು ಬರಲಿಲ್ಲ. ನಮ್ಮ ಓಣಿಯ ಪದ್ಧತಿ ನೆನಪಿದೆಯಲ್ಲ? ಕತ್ತಲೆಯ ತಿಂಗಳುಗಳಲ್ಲಿ ಎದ್ದೊಡನೆ ಅಡುಗೆಮನೆ ಕಿಟಕಿಯಲ್ಲಿ ದೀಪ ಹೊತ್ತಿಸಬೇಕು. ಹೊತ್ತದಿದ್ದರೆ ಎದುರುಮನೆಯವರು ಬಂದು ಬಾಗಿಲು ಬಡಿಯಬೇಕು. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ನಾನು ಏಳಲಿಲ್ಲ. ಎದುರುಮನೆಯ ಓಡ್ನಿ ಮಲಗುವ ಉಡುಪಿನ ಮೇಲೇ ಕೋಟು ಹಾಕಿಕೊಂಡು ಹಿಮದಲ್ಲಿ ಓಡಿ ಬಂದಳು. ‘ಸತ್ತೇಹೋದ್ಯೇನೋ ಅಂದ್ಕೊಂಡೆ ಕಣೇ, ಸೋಮಾರಿ!’ ಎಂದು ಬೈದು, ಕಾಫಿ ಕಾಯಿಸಿ, ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದಳು.

ಜನವರಿಯಲ್ಲಿ ಸೂರ್ಯ ಗುಡ್ಡದ ಮೇಲೆ ತಲೆ ತೋರಿಸಿದ ದಿನ ಎಲ್ಲರೂ ಸೇರಿ ಸಿಹಿ ಬನ್ನು ತಿಂದೆವು. ಏಪ್ರಿಲ್‌ನಲ್ಲಿ ಓಣಿಯವರ ಕಿಟಕಿಯ ದೀಪಗಳು ಅಟ್ಟ ಸೇರಿದವು. ‘ಬೆಳಕು ಬಂತಲ್ಲ, ಇನ್ನು ನೀನು ಗೆದ್ದೆ ಬಿಡು’ ಎಂದಳು ಓಡ್ನಿ. ಮನುಷ್ಯರು ಕುಸಿಯುವುದು ಕತ್ತಲೆಯಲ್ಲಿ ಮಾತ್ರ ಎಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ಆಮೇಲೆ ನನ್ನ ಬಾಗಿಲು ಯಾರೂ ಬಡಿದಿಲ್ಲ.

ಈಗ ಸೂರ್ಯ ಮುಳುಗುವುದೇ ಇಲ್ಲ. ಐಲಿಫ್ ಹೋದ ಸಮುದ್ರ ಯಾವ ಹೊತ್ತಿನಲ್ಲಿ ನೋಡಿದರೂ ಕಿಟಕಿಯಾಚೆ ಹೊಳೆಯುತ್ತಿರುತ್ತದೆ. ಚಳಿಗಾಲದಲ್ಲಿ ಅದು ಕಾಣುತ್ತಿರಲಿಲ್ಲ. ಅಷ್ಟೆ, ಬೇರೇನೂ ಇಲ್ಲ. ಮಕ್ಕಳ ರಜೆ ಹಾಳು ಮಾಡಿಕೊಂಡು ನೀನು ಬರಬೇಕಾಗಿಲ್ಲ.

ನಿನ್ನ ತಂಗಿ,
ತೂರುನ್

ಮತ್ತೊಂದು ಮಾತು: ನನ್ನ ದೀಪವನ್ನು ನಾನು ಅಟ್ಟಕ್ಕೆ ಹಾಕಿರಲಿಲ್ಲ. ಬಿಸಿಲಿನಲ್ಲೂ ದಿನಾ ಹೊತ್ತಿಸುತ್ತಿದ್ದೆ. ‘ಏನೇ, ಸೂರ್ಯಂಗೆ ದಾರಿ ತೋರಿಸ್ತಿದೀಯಾ?’ ಎಂದು ಓಡ್ನಿ ನಗುತ್ತಿದ್ದಳು. ಸೋಮವಾರದಿಂದ ಹೊತ್ತಿಸಿಲ್ಲ. ಕೆಲಸಕ್ಕೂ ಹೋಗಿಲ್ಲ. ನಿನ್ನೆ ಅವಳು ಕಿಟಕಿ ನೋಡಿದಳು. ‘ಅಂತೂ ಬುದ್ಧಿ ಬಂತಲ್ಲ!’ ಎಂದು ರಸ್ತೆಯಿಂದಲೇ ಕೂಗಿ ಹೋದಳು.