ಒಳಮೆಟ್ಟಿಲು ಬೇಡ

ಅಲೆಕ್ಸಾಂಡ್ರಿಯ

ಮನೆಮಾಲೀಕರಾದ ಹಾಜಿ ಶೌಕಿಯವರಿಗೆ ನಿಮ್ಮ ಬಾಡಿಗೆಮನೆಯ ದರ್ಜಿ ನಗ್ವಾಳ ಸಲಾಮು.

ಮನೆಯೊಳಗಿನಿಂದಲೇ ಕೆಳಗಿನ ನನ್ನ ಹೊಲಿಗೆ ಅಂಗಡಿಗೆ ಮೆಟ್ಟಿಲು ಕಟ್ಟಿಸಿಕೊಡುತ್ತೀರಂತೆ. ಅತ್ತೆಗೆ ಹಿಗ್ಗೋ ಹಿಗ್ಗು. "ಇನ್ನು ನಿನಗೆ ಬೀದಿಗೆ ಕಾಲಿಡೋ ಗೋಳೇ ತಪ್ಪಿತು ಕಣೇ!" ಅಂದರು. ಈಗಲೇ ನನ್ನ ಊಟವನ್ನು ಬಾಲ್ಕನಿಯಿಂದ ಬುಟ್ಟಿಯಲ್ಲಿ ಇಳಿಬಿಡುತ್ತಾರೆ. ಬುಟ್ಟಿಯ ಜೊತೆ ಅವರ ಕಣ್ಣೂ ಇಳಿಯುತ್ತದೆ.

ಬೆಳಿಗ್ಗೆ ಮನೆ ಬಿಟ್ಟವಳು ಟ್ರಾಮ್ ಹತ್ತಿ, ಕಿಟಕಿ ಪಕ್ಕ ಕೂತು, ಕೊನೆಯ ನಿಲ್ದಾಣದವರೆಗೆ ಸುಮ್ಮನೆ ಹೋಗಿ, ಅದೇ ಟ್ರಾಮಿನಲ್ಲಿ ಮರಳಿ ಬಂದು ಅಂಗಡಿ ತೆಗೆಯುತ್ತೇನೆ. ಮನೆಯಲ್ಲಿ ಮಾತ್ರ, ನೂಲು ತರಲು ಹೋಗಿದ್ದೆ ಅನ್ನುತ್ತೇನೆ.

ನೆಲ ಒಡೆದರೆ ಕಟ್ಟಡ ತಡೆದುಕೊಳ್ಳುವುದಿಲ್ಲ ಅಂತ ದಯವಿಟ್ಟು ಅತ್ತೆಗೆ ಹೇಳಿಬಿಡಿ. ಕಟ್ಟಡವೇನೋ ತಡೆದುಕೊಳ್ಳುತ್ತದೆ, ಹಾಜಿಯವರೇ. ನಾನು ತಡೆದುಕೊಳ್ಳಲಾರೆ.

ಹೊರಬಾಗಿಲಿನಿಂದಲೇ ಓಡಾಡುವ,
ನಗ್ವಾ