ನಿರೀಕ್ಷಿತ ಉತ್ತರ: ಕೆಂಪು

19 ಆಗಸ್ಟ್ 1997, ಮಂಗಳವಾರ

ಇವತ್ತೂ ಮುಂದಿನ ಬೆಂಚೇ. ಮೊದಲ ದಿನ ಹಿಡಿದ ಜಾಗ, ಯಾರಿಗೂ ಬಿಟ್ಟಿಲ್ಲ. ಬಿ.ಎಡ್. ಶುರುವಾಗಿ ಒಂದು ವಾರ. ಇಡೀ ಕಾಲೇಜಿನಲ್ಲಿ ಮೀಸೆ ನರೆತ ವಿದ್ಯಾರ್ಥಿ ನಾನೊಬ್ಬನೇ. ಗೇಟಿನ ವಾಚ್‌ಮನ್ ಎದ್ದು ಸಲ್ಯೂಟ್ ಹೊಡೆಯುತ್ತಾನೆ. ಲೆಕ್ಚರರ್ ಎಂದುಕೊಂಡಿದ್ದಾನೆ. ತಿದ್ದಲಿಲ್ಲ. ಯಾಕೆ ತಿದ್ದಬೇಕು?

ಕ್ಲಾಸಿನವರಿಗೆಲ್ಲ ನಾನು ಉಗ್ರಪ್ಪ ಅಂಕಲ್. ಅಕ್ಕ ಅಂಕಮ್ಮನ ಮನೆಯಲ್ಲೇ ಉಳಿದಿದ್ದೇನೆ, ಅವಳ ಮಗಳು ವಿಮಲಾಳೂ ಇದೇ ಕ್ಲಾಸು. ಮಾಮನ ಜೊತೆ ಓದುವುದು ಅವಳಿಗೆ ಅವಮಾನವಂತೆ. ಜಯನಗರದಲ್ಲಿ ಬಸ್ಸು ಹತ್ತಿದರೆ ಎಲ್ಲೋ ದೂರದ ಸೀಟು ಹಿಡಿಯುತ್ತಾಳೆ, ಕೋಣನಕುಂಟೆಯಲ್ಲಿ ಇಳಿಯುವವರೆಗೂ ನನ್ನ ಪರಿಚಯವೇ ಇಲ್ಲ. ಅದಕ್ಕೇ ಕಂಡಕ್ಟರ್‌ಗೆ ಕೇಳುವಂತೆ ಕೂಗಿದೆ — “ವಿಮಲಾ, ಹೋಮ್‌ವರ್ಕ್ ಬರ್ಕೊಂಡ್ಯೇನಮ್ಮಾ?” ಮನೆಯಲ್ಲಿ ಕಾಫಿ ಸಿಗಲಿಲ್ಲ.

ಟಿಂಬರ್ ಡಿಪೋ ಕೆಲಸ ಬಿಟ್ಟು ಬಂದಿದ್ದೇನೆ. ಈ ವರ್ಷ ಪಾಸಾದರೆ ಸರ್ಕಾರಿ ಮೇಷ್ಟ್ರ ಕೆಲಸಕ್ಕೆ ಒಂದು ಅರ್ಜಿ ಹಾಕಬಹುದು. ಒಂದೇ. ಆಮೇಲೆ ವಯಸ್ಸು ಮೀರುತ್ತದೆ. ಆದರೆ ಫೇಲಾಗುವವನು ಯಾರು? ನಮ್ಮೂರ ಶಾಲೆಯಲ್ಲಿ ನಾಲ್ಕು ಕ್ಲಾಸಿಗೂ ಒಂದೇ ಕೋಣೆ. ಒಂದನೇ ಕ್ಲಾಸಿನಲ್ಲಿ ಕೂತೇ ನಾಲ್ಕನೇ ಕ್ಲಾಸಿನ ಮಗ್ಗಿ ಒಪ್ಪಿಸಿದವನು ನಾನು.

3 ಸೆಪ್ಟೆಂಬರ್, ಬುಧವಾರ

ಮೈಕ್ರೋ ಟೀಚಿಂಗ್! ನಮ್ಮವರೇ ಮಕ್ಕಳಂತೆ ಕೂರಬೇಕು, ಒಬ್ಬರು ಐದು ನಿಮಿಷ ಪಾಠ ಮಾಡಬೇಕು. ಮಿಕ್ಕವರು ಹಾಳೆ ಹಿಡಿದು ತಪ್ಪು ಹುಡುಕಬೇಕು. ಎಂಥ ಮಜಾ. ಮದುವೆಯಾದ ಹೆಂಗಸರೂ “ಸಾರ್, ಇವನು ಚಿವುಟ್ತಾನೆ” ಎಂದು ದೂರು ಹೇಳಿದರು.

ನನ್ನ ಸರದಿಯಲ್ಲಿ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಬೆಲ್ ಆದರೂ ನಾನು ನಿಲ್ಲಿಸಲಿಲ್ಲ. ವಿಮಲಾ ಹಾಳೆಯಲ್ಲಿ ಬರೆದದ್ದು — “ಬೋಧಕರು ಪಾಠಕ್ಕಿಂತ ತಮ್ಮ ಬಗ್ಗೆಯೇ ಹೆಚ್ಚು ಮಾತನಾಡಿದರು. ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿದರು.” ಹೊಟ್ಟೆಕಿಚ್ಚು.

21 ಸೆಪ್ಟೆಂಬರ್, ಭಾನುವಾರ

ಭಾನುವಾರ ಎಂಬುದು ಬಿ.ಎಡ್.ನವರಿಗೆ ಇಲ್ಲ. ಸೈಕಾಲಜಿ ಅಸೈನ್‌ಮೆಂಟ್. ಕನ್ನಡಕ್ಕೊಂದು ರೆಕಾರ್ಡು, ಸಮಾಜಕ್ಕೊಂದು ರೆಕಾರ್ಡು. ಚಾರ್ಟು, ಥರ್ಮೋಕೋಲ್ ಮಾಡೆಲ್ಲು, ದಿನಕ್ಕೊಂದು ಪಾಠಯೋಜನೆ. ಬೆರಳಿಗೆಲ್ಲ ಸ್ಕೆಚ್‌ಪೆನ್ ಬಣ್ಣ, ಪಂಚೆಗೆ ಗೋಂದು. ಜಯನಗರ ಫೋರ್ತ್ ಬ್ಲಾಕಿನ ಸ್ಟೇಷನರಿ ಅಂಗಡಿಯವನು ನನ್ನನ್ನು ಕಂಡರೆ ಕೇಳುವ ಮೊದಲೇ ಚಾರ್ಟು ಸುತ್ತಿ ಇಡುತ್ತಾನೆ.

ಅಂಕಮ್ಮಕ್ಕ ಊಟ ತಂದಳು. “ಏನೋ ಇದು? ತಟ್ಟೆ ಎಲ್ಲಿಡ್ಲಿ? ಹಿಮಾಲಯದ ಮೇಲಾ, ಗಂಗಾ ನದಿ ಮೇಲಾ?”

“ಡೆಕ್ಕನ್ ಪ್ರಸ್ಥಭೂಮಿ ಮೇಲಿಡು, ಅದು ಒಣಗಿದೆ.”

ಸೊಂಟ ಹಿಡಿದಿದೆ. ಖುಷಿಯೂ ಹಿಡಿದಿದೆ. ಡಿಪೋದಲ್ಲಿ ಒಂದು ದಿನವೂ ಹೀಗೆ ಹಸಿವು ಮರೆತದ್ದಿಲ್ಲ…

13 ನವೆಂಬರ್, ಗುರುವಾರ

ಎರಡು ತಿಂಗಳು ಬರೆಯಲು ಬಿಡುವಾಗಲಿಲ್ಲ. ಈಗ ನಿಜವಾದ ಶಾಲೆ, ನಿಜವಾದ ಮಕ್ಕಳು. ಎಂಟನೇ ಎ ವಿಭಾಗ. “ನಮಸ್ತೇ ಸಾ…ರ್” ಎಂದು ಅವರು ಎದ್ದಾಗಲೆಲ್ಲ ಎದೆ ಒಂದಿಂಚು ಉಬ್ಬುತ್ತದೆ.

ಸೋಮವಾರ ಕ್ರಿಟಿಸಿಸಂ ಲೆಸನ್. ನಮ್ಮ ಕಾಲೇಜಿನ ಸೀತಾಲಕ್ಷ್ಮಿ ಮೇಡಂ ನಮ್ಮವರೊಂದಿಗೆ ಹಿಂದಿನ ಬೆಂಚಿನಲ್ಲಿ ಕೂತು ಮಾರ್ಕ್ಸ್ ಹಾಕುತ್ತಾರೆ. ಪಾಠ: ಮಣ್ಣಿನ ಸವಕಳಿ. ಆದರೆ ನಾನು ಹೋಗಿ “ಇವತ್ತಿನ ಪಾಠ ಮಣ್ಣಿನ ಸವಕಳಿ” ಎನ್ನುವಂತಿಲ್ಲ! ಪ್ರಶ್ನೆ ಕೇಳಿ ಕೇಳಿ ಮಕ್ಕಳ ಬಾಯಿಂದಲೇ ಆ ಹೆಸರು ಹೊರಡಿಸಬೇಕು, ಆಮೇಲೇ ಬೋರ್ಡಿನ ಮೇಲೆ ಬರೆಯಬೇಕು. ಪಾಠಯೋಜನೆಯಲ್ಲಿ ಎಡಗಡೆ ನನ್ನ ಪ್ರಶ್ನೆ, ಬಲಗಡೆ ‘ನಿರೀಕ್ಷಿತ ಉತ್ತರ’. ಜೋರು ಮಳೆ ಬಂದಾಗ ಹರಿಯುವ ನೀರು ಯಾವ ಬಣ್ಣ? ನಿರೀಕ್ಷಿತ ಉತ್ತರ: ಕೆಂಪು.

ಮಕ್ಕಳು ನಿರೀಕ್ಷಿಸಿದ್ದನ್ನು ಹೇಳದಿದ್ದರೆ? ಅದಕ್ಕೆಲ್ಲ ಉಗ್ರಪ್ಪನ ಹತ್ತಿರ ಉಪಾಯವಿದೆ. ಇವತ್ತು ಆಟದ ಪೀರಿಯಡ್ ಕೇಳಿ ಪಡೆದೆ. ಜೇಬಿನ ತುಂಬ ಪೆಪ್ಪರ್‌ಮಿಂಟು. ಪ್ರಶ್ನೆ, ಉತ್ತರ, ಎಲ್ಲ ಉರು ಹೊಡೆಸಿಬಿಟ್ಟೆ. ನೂರಕ್ಕೆ ನೂರು!

17 ನವೆಂಬರ್, ಸೋಮವಾರ

“ಮಕ್ಕಳೇ, ಜೋರು ಮಳೆ ಬಂದಾಗ—” ಅಷ್ಟೇ ಅಂದದ್ದು.

“ಕೆಂಪೂ ಸಾರ್!” ಇಡೀ ಕ್ಲಾಸು.

“ನಿಧಾನ… ಯಾಕೆ ಅಂದರೆ—”

“ಮಣ್ಣು ಸೇರಿರುತ್ತೆ ಸಾರ್! ಮಣ್ಣಿನ ಸವಕಳಿ ಸಾರ್!” ನಾನಿನ್ನೂ ಚಾಕ್‌ಪೀಸೇ ಹಿಡಿದಿಲ್ಲ. ಮೂಲೆಯವನೊಬ್ಬ ಎದ್ದು “ಆದ್ದರಿಂದ ನಾವು ಮರಗಳನ್ನು ನೆಡಬೇಕು” ಎಂದು ಪಾಠವನ್ನೇ ಮುಗಿಸಿದ.

ಮೇಡಂ ಎದ್ದು ಬಂದರು. ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು — “ಕೆಂಪು ನೀರು ಎಲ್ಲಿ ನೋಡಿದೆ ಪುಟ್ಟಿ?”

“ನೋಡಿಲ್ಲ ಮಿಸ್. ಸಾರ್ ಹೇಳ್ಕೊಟ್ರು. ಪೆಪ್ಪರ್‌ಮಿಂಟೂ ಕೊಟ್ರು.”

ಹಿಂದಿನ ಬೆಂಚಿನಲ್ಲಿ ನಮ್ಮವರ ಕಿಸಿಕಿಸಿ. ಹೊರಗೆ ಕಾರಿಡಾರಿನಲ್ಲಿ ಮೇಡಂ ಒಂದೇ ದನಿಯಲ್ಲಿ ಹೇಳಿದರು: “ಇದು ಪಾಠ ಅಲ್ಲ ಉಗ್ರಪ್ಪನವರೇ, ನಾಟಕ. ಸೊನ್ನೆ ಹಾಕ್ಬೇಕಿತ್ತು. ನಾಳೆ ಎರಡನೇ ಪೀರಿಯಡ್ ಎಂಟನೇ ಬಿ, ಇದೇ ಪಾಠ. ಶಾಲೆಯವರು ಆಮೇಲೆ ನಮಗೆ ಕ್ಲಾಸ್ ಕೊಡಲ್ಲ. ನಾಳೇನೂ ಹೀಗೇ ಆದ್ರೆ, ನಿಮ್ಮ ಪ್ರಾಕ್ಟಿಕಲ್ ಮುಂದಿನ ವರ್ಷವೇ.”

ಮುಂದಿನ ವರ್ಷ. ಅಂದರೆ ಇಲ್ಲವೇ ಇಲ್ಲ.

ಬಸ್ಸಿನಲ್ಲಿ ವಿಮಲಾ ಬಂದು ಪಕ್ಕದಲ್ಲೇ ಕೂತಳು. ಮೊದಲ ಸಲ. ಬನಶಂಕರಿ ದಾಟಿದ ಮೇಲೆ, “ಮಾಮ, ನಾಳೆ ಒಂದು ಕೆಲ್ಸ ಮಾಡು. ಪ್ರಶ್ನೆ ಕೇಳಿದ್ಮೇಲೆ ಬಾಯಿ ಮುಚ್ಕೊಂಡಿರು” ಎಂದಳು.

“ಎಷ್ಟು ಹೊತ್ತು?”

“ನಿನಗೆ ಆಗದೇ ಇರೋವಷ್ಟು ಹೊತ್ತು.”

18 ನವೆಂಬರ್, ಮಧ್ಯಾಹ್ನ 3

ಸಂಜೆಯವರೆಗೆ ಕಾಯಲಾರೆ. ಈಗಲೇ ಬರೆಯಬೇಕು!

ಕೇಳಿದೆ: ಹರಿಯುವ ನೀರು ಯಾವ ಬಣ್ಣ?

“ಕಪ್ಪು ಸಾರ್.”

“ಕಪ್ಪಾ?”

“ಮೋರಿ ತುಂಬಿ ಬರುತ್ತೆ ಸಾರ್. ಗಬ್ಬು ವಾಸನೆ.”

ಇನ್ನೊಬ್ಬ — “ನಮ್ಮ ರೋಡಲ್ಲಿ ಬಣ್ಣಾನೇ ಇಲ್ಲ ಸಾರ್, ಟಾರ್ ಹಾಕವ್ರೆ.”

ಪಾಠಯೋಜನೆ ನೋಡಿದೆ. ಬಲಗಡೆ ಕಪ್ಪೂ ಇಲ್ಲ, ಟಾರೂ ಇಲ್ಲ. ನಮ್ಮೂರ ಹೊಲದ ಬದುವಿನಲ್ಲಿ ಕೆಂಪು ನೀರು ಹರಿಯುವುದನ್ನು ನಾನು ಕಂಡಿದ್ದೇನೆ, ಸಿಮೆಂಟಿನ ನಡುವೆ ಬೆಳೆದ ಇವರು ಎಲ್ಲಿ ಕಾಣಬೇಕು? ಮೇಡಂ ಪೆನ್ನು ಎತ್ತಿದರು. ಅಷ್ಟರಲ್ಲಿ ನನ್ನ ಬಾಯಿಂದ ಬಂತು — “ಏಳ್ರೋ ಎಲ್ರೂ. ಗ್ರೌಂಡಿಗೆ ನಡೀರಿ.”

ಹೊರಟೇಬಿಟ್ಟೆವು! ಹಿಂದೆ ನಮ್ಮವರು ಹಾಳೆ ಹಿಡಿದುಕೊಂಡು, ಅವರ ಹಿಂದೆ ಮೇಡಂ ಸೀರೆ ಎತ್ತಿಕೊಂಡು. ಗ್ರೌಂಡಿನ ಇಳಿಜಾರಿನಲ್ಲಿ ಮಕ್ಕಳಿಂದ ಬಕೆಟ್ ನೀರು ಸುರಿಸಿದೆ. ನಾನು ತಾನು ಎಂದು ಜಗಳವಾಡಿ ಸುರಿದರು. ನೀರು ಮಣ್ಣು ಕೊರೆದುಕೊಂಡು ಓಡಿತು. “ಸಾರ್, ಟೀ ಥರ ಆಯ್ತು!” ಎಂದು ಒಬ್ಬ ಕಿರುಚಿದ. ನಾನು ತುಟಿ ಕಚ್ಚಿ ನಿಂತೆ.

ಧೃತಿ ಎಂಬ ಹುಡುಗಿ ಬಕೆಟ್ ಕಡೆ ಬರಲೇ ಇಲ್ಲ. ಹೊಂಗೆ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. “ಸಾರ್, ಬೇರುಗಳೆಲ್ಲ ಆಚೆ ಕಾಣ್ತಿವೆ. ಇದರ ಮೇಲೆ ಮೊದ್ಲು ಮಣ್ಣಿತ್ತಲ್ವಾ? ಅದೆಲ್ಲ ಎಲ್ಲಿಗೆ ಹೋಯ್ತು?”

ನಾವು ಕೇಳುವ ಪ್ರಶ್ನೆಗೆ ಪಾಠಯೋಜನೆಯಲ್ಲಿ ಜಾಗವಿದೆ. ಮಕ್ಕಳು ಕೇಳುವುದಕ್ಕೆ ಇಲ್ಲ. ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ನುಂಗಿದೆ. “ಗೊತ್ತಿಲ್ಲಮ್ಮ. ಹುಡುಕೋಣ” ಎಂದೆ. ಇಡೀ ಬಿ ವಿಭಾಗ ಇಳಿಜಾರಿನುದ್ದಕ್ಕೂ ಬಗ್ಗಿಕೊಂಡು ಹೊರಟಿತು. ಕಾಂಪೌಂಡ್ ಮುಟ್ಟುವಷ್ಟರಲ್ಲಿ ಬೆಲ್.

ಬೋರ್ಡಿನ ಮೇಲೆ ಒಂದಕ್ಷರವಿಲ್ಲ. ಪಾಠದ ಹೆಸರನ್ನು ಯಾರೂ ಹೇಳಲಿಲ್ಲ. ಮೇಡಂ ಹಾಳೆ ಮಡಚಿಕೊಂಡು ಹೋದರು.

19 ನವೆಂಬರ್, ಬೆಳಿಗ್ಗೆ, ಸ್ಟಾಫ್ ರೂಮು

“ಪಾಠ ಮುಗೀಲಿಲ್ಲ,” ಮೇಡಂ.

“ಇಲ್ಲ ಮೇಡಂ.”

“ಶೀರ್ಷಿಕೆ ಬರೀಲಿಲ್ಲ. ಚಾರ್ಟ್ ತೋರಿಸ್ಲಿಲ್ಲ. ಅದಕ್ಕೆಲ್ಲ ಮಾರ್ಕ್ಸ್ ಕಳೆದಿದ್ದೀನಿ.” ಹಾಳೆ ತಿರುಗಿಸಿದರು. “ಆದ್ರೂ ಪಾಸ್. ಆ ಹುಡುಗಿ ಕೇಳ್ದಾಗ ನೀವು ಉತ್ತರ ಹೇಳ್ದೆ ಹುಡುಕೋಕೆ ಬಿಟ್ರಲ್ಲ, ಅದಕ್ಕೆ. ಮಿಕ್ಕಿದ್ದನ್ನ ಇವತ್ತು ಹೋಗಿ ಮುಗಿಸಿ. ನಾನು ಬರಲ್ಲ, ಯಾರೂ ಬರಲ್ಲ.”

ಪಾಸು! ವಿಮಲಾ ಎಲ್ಲರೆದುರಿಗೇ “ನಮ್ಮ ಮಾಮ” ಎಂದುಬಿಟ್ಟಳು. ಇದನ್ನು ಊರಲ್ಲಿ ಹೇಗೆ ಹೇಳಬೇಕು ಎಂದು ಯೋಚಿಸುತ್ತಿದ್ದೇನೆ. ಸ್ವಲ್ಪ ಸೇರಿಸಬೇಕು…

ಬರೆಯಲೂ ಬಿಡುವುದಿಲ್ಲ. ಎಂಟನೇ ಬಿ ಬಾಗಿಲಿಗೇ ಬಂದು ನಿಂತಿದೆ, ಧೃತಿ ಮುಂದೆ. “ಸಾರ್, ಬೇಗ ಬನ್ನಿ. ಕಾಂಪೌಂಡ್ ಆಚೆಗೂ ನೋಡ್ಕೊಂಡು ಬಂದ್ವಿ. ಮಣ್ಣು ಎಲ್ಲಿಗೆ ಹೋಗಿದೆ ಗೊತ್ತಾ ನಿಮಗೆ?”

“ಇಲ್ಲ,” ಎಂದೆ. “ನೀವೇ ತೋರಿಸಿ, ನಡೀರಿ.”